ಒಂದು ಧಾರೆಗಾಗಿ ಎರಡು ಆಪರೇಶನ್

ಗೋಕಾಕದಿಂದ ಹುಕ್ಕೇರಿ, ಯಮಕನಮರಡಿ ಹಾದು ದಡ್ಡಿಗೆ ಹೋಗುವ ಬಸ್ಸಿನ ಹಿಂದಿನ ಗಾಲಿಯನ್ನು ನಾನು ನೋಡಿದಷ್ಟು ಇನ್ನಾವ ಡ್ರೈವರನೂ ನೋಡಿರಲಿಕ್ಕಿಲ್ಲ. ಊರ ಹೊರಗೆ ದೊಡ್ಡ ಗಿಡ ಕಂಡಲ್ಲಿ ಬಸ್ ನಿಲ್ಲಿಸಿ, ಇಳಿದು, ಹಿಂದಿನ ಗಾಲಿಯ ಮುಂದೆ ನಿಲ್ಲುತ್ತಿದ್ದೆ. ಹೊಟ್ಟೆಯ ಕೆಳಗೆ ಕೈಯಿಟ್ಟು ಒತ್ತಿ, ಹಲ್ಲು ಕಚ್ಚಿ ತಿಣುಕಿದರೆ ನಾಲ್ಕು ಹನಿ ಬೀಳುತ್ತಿದ್ದವು. ಮತ್ತೆ ಕಾಯುವುದು, ಮತ್ತೆ ತಿಣುಕುವುದು. ಒಳಗೆ ಜನ ಗೊಣಗುತ್ತಿದ್ದರು. ನನ್ನ ಕಂಡಕ್ಟರ್ ದಸ್ತಗೀರ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ, “ಉಸ್ತಾದ ಗಾಲಿ ನೋಡಾಕತ್ತಾರ್ರಿ. ಹವಾ ಕಮ್ಮಿ ಆದಂಗೈತಿ.” ಆ ದಾರಿಯ ಜನರೆಲ್ಲ ನಮ್ಮ ಬಸ್ಸಿನ ಗಾಲಿಯೇ ಕೆಟ್ಟದ್ದು ಎಂದು ನಂಬಿದ್ದರು. ಯಾರೋ ಡಿಪೋದಲ್ಲಿ ತಕರಾರನ್ನೂ ಮಾಡಿದ್ದರಂತೆ. ಮೆಕ್ಯಾನಿಕ್ ಬಂದು ಗಾಲಿ ಬಿಚ್ಚಿ ನೋಡಿ, ಏನೂ ಸಿಗದೆ, ನನ್ನನ್ನೇ ಅನುಮಾನದಿಂದ ನೋಡಿ ಹೋದ.

ಕೆಟ್ಟದ್ದು ನನ್ನ ಒಳಗಿನ ದಾರಿ. ಮೂತ್ರ ಬರುವ ನಾಳ ಒಳಗೇ ಗಾಯವಾಗಿ, ಮಾಗಿ, ಗಡುಸಾಗಿ ದಾರದಷ್ಟು ಸಣ್ಣಗಾಗಿತ್ತು. ಈ ರೋಗದ ಬಗ್ಗೆ ಗಂಡಸರು ಬಾಯಿ ಬಿಡುವುದಿಲ್ಲ. ನಾನೂ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಅಷ್ಟು ವರ್ಷ ಒದ್ದಾಡಬೇಕಾಗಿರಲಿಲ್ಲ ಎಂದು ಈಗ ಅನಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಾಚಿಕೆಯಾಗುವವರು ಕದ ಹಾಕಿಕೊಂಡು ಓದಲಿ.

ಯಾಕೆ ಹೀಗಾಯಿತೆಂದು ನನಗೆ ಗೊತ್ತಿರಲಿಲ್ಲ. ಊರಿಗೆ ಮಾತ್ರ ಗೊತ್ತಿತ್ತು. ಡ್ರೈವರ ಆದವನಿಗೆ ಆ ಜಾಗದಲ್ಲಿ ರೋಗ ಬಂತೆಂದರೆ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ, ಉತ್ತರ ಮೊದಲೇ ಇಟ್ಟುಕೊಂಡಿರುತ್ತಾರೆ. ಆದ್ದರಿಂದ ಗೋಕಾಕದ ಒಬ್ಬ ಡಾಕ್ಟರ ಹತ್ತಿರ ಗುಟ್ಟಾಗಿ ಹೋಗುತ್ತಿದ್ದೆ. ಅವರು ಉಕ್ಕಿನ ಸಳಿಗಳನ್ನು ಕುದಿಸಿ, ಸಣ್ಣದರಿಂದ ಶುರುಮಾಡಿ ಒಂದೊಂದಾಗಿ ಒಳಗೆ ಹಾಯಿಸುತ್ತಿದ್ದರು. ಆ ನೋವನ್ನು ಬಣ್ಣಿಸಲು ಹೋಗುವುದಿಲ್ಲ. ಸಳಿ ಹಾಕಿಸಿಕೊಂಡ ಮೇಲೆ ಕೆಲವು ದಿನ ಧಾರೆ ಚೆನ್ನಾಗಿ ಬೀಳುತ್ತಿತ್ತು, ಆಮೇಲೆ ಸಣ್ಣಗಾಗುತ್ತಿತ್ತು, ಆಮೇಲೆ ಹನಿ. ಮೊದಮೊದಲು ಒಂದು ಸಲ ಹಾಕಿಸಿಕೊಂಡರೆ ಇಡೀ ಮಳೆಗಾಲ ಕಳೆಯುತ್ತಿತ್ತು. ಕೊನೆಕೊನೆಗೆ ಅಮಾವಾಸ್ಯೆಗೆ ತೆರೆದದ್ದು ಹುಣ್ಣಿಮೆಗೆ ಮುಚ್ಚುತ್ತಿತ್ತು. ನೀರು ಕುಡಿದರಲ್ಲವೇ ಹೊರಗೆ ಹೋಗಬೇಕಾಗುವುದು ಎಂದು ಡ್ಯೂಟಿಯ ದಿನ ನೀರನ್ನೇ ಬಿಟ್ಟೆ. ಅದು ಇನ್ನೂ ಕೆಟ್ಟದ್ದೆಂದು ಆಮೇಲೆ ತಿಳಿಯಿತು. ಉರಿ ಬೇರೆ ಸೇರಿಕೊಂಡಿತು.

ಮನೆಯಲ್ಲಿ ಹೆಂಡತಿ ಗಂಗವ್ವ ಯಾಕೆ ಏನು ಎಂದು ಕೇಳುತ್ತಿರಲಿಲ್ಲ. ಆದರೆ ನಾನು ಬಚ್ಚಲಿಗೆ ಹೋದ ಕೂಡಲೆ ಹಿತ್ತಲಲ್ಲಿ ಅವಳು ಭಾಂಡೆ ತಿಕ್ಕುವ ಸದ್ದು ನಿಲ್ಲುತ್ತಿತ್ತು. ನಾನು ಒಳಗೆ ತಿಣುಕುವಷ್ಟು ಹೊತ್ತೂ ಹೊರಗೆ ಸದ್ದಿಲ್ಲ. ಹೊರಗೆ ಬಂದರೆ ಬೂದಿಗೈಯಲ್ಲಿ ತಂಬಿಗೆ ಹಿಡಿದು ಹಾಗೇ ಕುಳಿತಿರುತ್ತಿದ್ದಳು.

“ಆತೇನ್ರಿ?” ಎನ್ನುತ್ತಿದ್ದಳು.

“ಆತು” ಎನ್ನುತ್ತಿದ್ದೆ.

ಆಗಿಲ್ಲವೆಂದು ಅವಳ ಕಿವಿಗೆ ಗೊತ್ತಿರುತ್ತಿತ್ತು. ಅವಳ ಮನಸ್ಸಿನಲ್ಲೂ ಊರಿನ ಉತ್ತರವೇ ಇದೆಯೋ ಏನೋ ಎಂಬ ಹೆದರಿಕೆ ನನಗೆ ರೋಗಕ್ಕಿಂತ ದೊಡ್ಡದಾಗಿತ್ತು. ಕೇಳುವ ಧೈರ್ಯ ಮಾತ್ರ ಇರಲಿಲ್ಲ.

ಒಂದು ಮಳೆಗಾಲದ ಮಧ್ಯಾಹ್ನ ದಡ್ಡಿಯಲ್ಲಿ ಬಸ್ ತಿರುಗಿಸಿ ನಿಲ್ಲಿಸಿ ಗಾಲಿಯ ಹತ್ತಿರ ಹೋದೆ. ಒಂದು ಹನಿಯೂ ಬರಲಿಲ್ಲ. ಬೆಳಗಿನಿಂದಲೂ ಬಂದಿರಲಿಲ್ಲ. ಹೊಟ್ಟೆಯ ಕೆಳಭಾಗ ಗಡಿಗೆಯ ಹಾಗೆ ಉಬ್ಬಿ ಬಿಗಿದಿತ್ತು. ದಸ್ತಗೀರ ನನ್ನ ಮುಖ ನೋಡಿ ಗಾಲಿಯ ಮಾತು ಬಿಟ್ಟುಬಿಟ್ಟ.

“ಉಸ್ತಾದ, ಇಲ್ಲೇ ಯಾರರೆ ವೈದ್ಯರನ್ನ ಕರ್ಕೊಂಡು ಬರ್ಲೇನು?”

“ಅವರ ಕೈಲೆ ಆಗೂದಲ್ಲೋ ಇದು. ಗೋಕಾಕಕ್ಕ ಹೋಗಬೇಕು.”

“ಗಾಡಿ ಯಾರು ಹೊಡೀತಾರ?”

“ಮತ್ಯಾರು ಹೊಡೀತಾರ? ನಾನೇ.”

ಆಗ ದಡ್ಡಿಯಲ್ಲಿ ಇನ್ನೊಂದು ಮೋಟರೂ ಇರಲಿಲ್ಲ, ಇನ್ನೊಬ್ಬ ಡ್ರೈವರನೂ ಇರಲಿಲ್ಲ. ಕ್ಲಚ್ ಒತ್ತಲು ಕಾಲೆತ್ತಿದಾಗಲೆಲ್ಲ ಹೊಟ್ಟೆ ಒಡೆದೇ ಹೋಯಿತು ಅನ್ನಿಸುತ್ತಿತ್ತು. ರಸ್ತೆಯ ಒಂದೊಂದು ತಗ್ಗನ್ನೂ ನಾನು ಹೊಟ್ಟೆಯಲ್ಲಿ ದಾಟಿದೆ. ಒಂದು ಸಲ ನಿಲ್ಲಿಸಿದರೆ ಮತ್ತೆ ಎಬ್ಬಿಸಲಾರೆ ಎಂದು ದಸ್ತಗೀರನಿಗೆ ಹೇಳಿದ್ದೆ. ಅವನು ಬಸ್ಸಿನ ನಡುವೆ ನಿಂತು, ಬೇರೆ ಉಪಾಯವಿಲ್ಲದೆ, ನಿಜ ಹೇಳಿಬಿಟ್ಟ. “ಉಸ್ತಾದರಿಗೆ ಉಚ್ಚಿ ಕಟ್ಟೇತ್ರಿ. ನಡುವ ನಿಲ್ಲಿಸಿದ್ರ ಗಾಡಿ ಮುಂದ ಹೋಗೂದಿಲ್ಲ.”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟು ವರ್ಷ ಗಾಲಿಯ ಹಿಂದೆ ಮುಚ್ಚಿಟ್ಟದ್ದು ಬಸ್ ತುಂಬ ಹರಡಿತು. ಹಿಂದೆ ಯಾರೂ ನಗಲಿಲ್ಲ. ಆಮೇಲೆ ಯಮಕನಮರಡಿಯಲ್ಲಿ ಇಳಿಯಬೇಕಾಗಿದ್ದ ಮುದುಕರೊಬ್ಬರ ದನಿ ಕೇಳಿಸಿತು. “ನಿಲ್ಲಿಸಬ್ಯಾಡೋ ತಮ್ಮಾ. ನಾವೂ ಗೋಕಾಕಕ್ಕ ಬರತೇವಿ. ತಿರುಗಿ ಬರಾಕ ಬಸ್ ಇದ್ದಾವು.” ಯಮಕನಮರಡಿ ಹೋಯಿತು. ಹುಕ್ಕೇರಿ ಹೋಯಿತು. ಸ್ಟ್ಯಾಂಡಿನಲ್ಲಿ ಕೈಮಾಡಿದವರು ಮಾಡುತ್ತಲೇ ಉಳಿದರು. ಹುಕ್ಕೇರಿಯ ಹೆಂಗಸೊಬ್ಬಳು ಮಡಿಲಲ್ಲಿ ಕೂಸು ಇಟ್ಟುಕೊಂಡು, ತನ್ನ ಓಣಿ ಕಿಟಕಿಯಲ್ಲಿ ಹಿಂದೆ ಸರಿಯುವುದನ್ನು ನೋಡುತ್ತ ಸುಮ್ಮನೆ ಕುಳಿತಿದ್ದಳೆಂದು ದಸ್ತಗೀರ ಆಮೇಲೆ ಹೇಳಿದ. ಆ ಜನರ ಹೆಸರು ನನಗೆ ಗೊತ್ತಿಲ್ಲ. ಆವತ್ತು ಅವರು ತಮ್ಮ ತಮ್ಮ ಊರಲ್ಲಿ ಇಳಿದಿದ್ದರೆ ನಾನು ಇವತ್ತು ಇರುತ್ತಿದ್ದೆನೋ ಇಲ್ಲವೋ.

ಬಸ್ಸನ್ನು ನೇರ ಡಾಕ್ಟರ ಬಾಗಿಲಿಗೇ ಒಯ್ದೆ. ಸಳಿ ಒಂದೂ ಹಾಯಲಿಲ್ಲ. ಕೊನೆಗೆ ಹೊಕ್ಕುಳ ಕೆಳಗೆ ತೂತು ಮಾಡಿ ರಬ್ಬರಿನ ನಳಿ ಕೂಡಿಸಿದರು. ಬಾಟಲಿಗೆ ಮೂತ್ರ ಸುರಿಯುತ್ತಿದ್ದ ಹಾಗೆ ನಾನು ಸಣ್ಣ ಕೂಸಿನಂತೆ ಅತ್ತೆ. ಡಾಕ್ಟರು ಕೈ ತೊಳೆದುಕೊಂಡು ಬಂದು ಹೇಳಿದರು, “ಇನ್ನ ಸಳಿ ಕೆಲಸ ಮುಗೀತು. ದೊಡ್ಡ ದವಾಖಾನಿಗೆ ಹೋಗ್ರಿ. ಅಲ್ಲಿ ಹಾದಿ ಮಾಡಿಕೊಟ್ರ ಸರಿ. ಇಲ್ಲಾಂದ್ರ ಈ ನಳಿ ಕಾಯಂ.”

ಕಾಯಂ ಎಂಬ ಮಾತನ್ನು ನಾನು ಡ್ರೈವರ ಕೆಲಸ ಕಾಯಂ ಆದಾಗ ಮಾತ್ರ ಕೇಳಿದ್ದೆ. ಹೊಟ್ಟೆಯಲ್ಲಿ ನಳಿ ತೂಗುಬಿಟ್ಟುಕೊಂಡವನಿಗೆ ಯಾರು ಬಸ್ ಕೊಡುತ್ತಾರೆ? ಆ ದಿನದಿಂದ ನನಗೆ ಬೇಕಾದದ್ದು ಒಂದೇ: ನನ್ನ ಮೂತ್ರ ನನ್ನ ದಾರಿಯಿಂದ, ಯಾರ ಸಹಾಯವೂ ಇಲ್ಲದೆ, ಧಾರೆಯಾಗಿ ಬೀಳಬೇಕು.

ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ಹತ್ತಿ ಆ ದೊಡ್ಡ ದವಾಖಾನೆಗೆ ಹೋದೆವು. ಬಾಟಲಿಯನ್ನು ಗಂಗವ್ವ ಕೈಚೀಲದಲ್ಲಿ ಇಟ್ಟು, ಮೇಲೆ ಟವೆಲ್ ಮುಚ್ಚಿ, ಮೊಳಕಾಲ ಹತ್ತಿರ ಹಿಡಿದುಕೊಂಡಿದ್ದಳು. ದವಾಖಾನೆಯ ಬೆಂಚಿನ ಮೇಲೆ ನನ್ನಂಥವರು ಸಾಲಾಗಿ ಕುಳಿತಿದ್ದರು. ಎಲ್ಲರೂ ನೆಲ ನೋಡುತ್ತಿದ್ದರು. ಒಬ್ಬರ ಬಾಟಲಿ ಊಟದ ಡಬ್ಬಿಯಲ್ಲಿ, ಒಬ್ಬರದು ಹಾಲಿನ ಕ್ಯಾನಿನಲ್ಲಿ. ಬಾಜೂಕ್ಕೆ ಕುಳಿತವರು ಮೂಡಲಗಿಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಶೆಟ್ಟರು. ಅವರದು ತಮ್ಮ ಅಂಗಡಿಯ ಚೀಲದಲ್ಲೇ ಇತ್ತು. ಮೇಲಿನ ಬಟ್ಟೆಯ ಥಾನು ತೆಗೆಯಲು ನಿಚ್ಚಣಿಕೆ ಹತ್ತಿ, ಜಾರಿ, ಅದರ ಅಡ್ಡಪಟ್ಟಿಯ ಮೇಲೆ ಎರಡೂ ಕಡೆ ಕಾಲಾಗಿ ಬಿದ್ದಿದ್ದರು.

“ನಿಮಗೂ ಬಿದ್ದು ಆತೇನು?” ಎಂದು ಕೇಳಿದರು.

“ಗೊತ್ತಿಲ್ರಿ” ಎಂದೆ. ಬಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಒಳಗೆ ಕರೆದಾಗ ಡಾಕ್ಟರ್ ಸಾಹೇಬರು ಎಲ್ಲ ರೋಗಿಗಳನ್ನು ಕೇಳುವ ಹಾಗೆಯೇ, ಗಂಗವ್ವನ ಮುಂದೆಯೇ ನನ್ನನ್ನೂ ಕೇಳಿದರು. “ಹೊರಗ ಹೆಂಗಸರ ಕಡೆ ಹೋಗಿದ್ರೇನು? ಸುಳ್ಳು ಹೇಳಬ್ಯಾಡ್ರಿ, ಔಷಧಕ್ಕ ತೊಂದರಿ ಆಕ್ಕೈತಿ.”

“ಇಲ್ರಿ ಸಾಹೇಬ್ರ.”

ನನ್ನ ದನಿ ನನಗೇ ಸುಳ್ಳಿನ ದನಿಯ ಹಾಗೆ ಕೇಳಿಸಿತು. ಗಂಗವ್ವನ ಕಡೆ ನೋಡಲಾಗಲಿಲ್ಲ. ಸಾಹೇಬರು ಪೆನ್ನು ಹಿಡಿದು ಕಾಯುತ್ತಿದ್ದರು. ಆಗ ಅವಳು ಸೆರಗು ಸರಿಮಾಡಿಕೊಂಡು, ಮೊದಲ ಸಲ ಬಾಯಿಬಿಟ್ಟಳು.

“ಇವರಿಗೆ ಹಿಂದಕ ವಿಷಮಜ್ವರ ಬಂದಿತ್ರಿ. ಮೈಮ್ಯಾಲೆ ಖಬರ ಇರ್ಲಿಲ್ಲ. ಉಚ್ಚಿ ಕಟ್ಟಿತಂತ ಅಲ್ಲಿ ರಬ್ಬರ ನಳಿ ಹಾಕಿ ಭಾಳ ದಿವ್ಸಾ ಹಂಗ ಬಿಟ್ಟಿದ್ರು. ತೆಗಿಯೂ ಮುಂದ ರಕ್ತ ಬಂತು. ಆವತ್ತಿನಿಂದ ಇವರ ಉಚ್ಚಿ ಸಪ್ಪಳಾ ಸಣ್ಣಾಗಕೋತ ಬಂತ್ರಿ. ನಾ ಕೇಳಕೋತ ಬಂದೇನಿ.”

ಸಾಹೇಬರು ಪೆನ್ನು ಕೆಳಗಿಟ್ಟರು. ಜ್ವರದ ಎಚ್ಚರವಿಲ್ಲದ ದಿನಗಳು ನನಗೆ ನೆನಪೇ ಇರಲಿಲ್ಲ. ಅವಳಿಗೆ ಎಲ್ಲ ನೆನಪಿತ್ತು. ಊರಿನ ಉತ್ತರ ಅವಳ ಮನಸ್ಸಿನಲ್ಲಿ ಒಂದು ದಿನವೂ ಇರಲಿಲ್ಲ. ಆ ಕೋಣೆಯಲ್ಲಿ ನನ್ನ ಅರ್ಧ ರೋಗ ವಾಸಿಯಾಯಿತು ಎಂದರೆ ಹೆಚ್ಚು ಹೇಳಿದಂತಲ್ಲ. ರಕ್ತ ಪರೀಕ್ಷೆಯೂ ಅವಳ ಮಾತನ್ನೇ ಹೇಳಿತು.

ಉಳಿದ ಅರ್ಧ ಕಠಿಣವಿತ್ತು. ನಾಳಕ್ಕೆ ಔಷಧ ತುಂಬಿ ಎಕ್ಸರೇ ಫೋಟೋ ತೆಗೆದರು. ಸಾಹೇಬರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಳು ಓಡಿಸಿದರು. ದಾರದಂತಿದ್ದ ಭಾಗದ ಮೇಲೆ ಬೆರಳು ಬಹಳ ಹೊತ್ತು ಓಡಿತು.

“ನೋಡ್ರಿ, ಕೆಟ್ಟದ್ದು ಸಣ್ಣ ತುಂಡು ಇದ್ರ ಅದನ್ನ ಕತ್ತರಿಸಿ ಒಗದು, ಎರಡೂ ತುದಿ ಕೂಡಿಸಿ ಹೊಲೀತೇವಿ. ಶೆಟ್ಟರಿಗೆ ಮಾಡೂದು ಅದು. ನಿಮ್ಮದು ಉದ್ದ ಐತಿ. ಕತ್ತರಿಸಿದ್ರ ತುದಿಗೆ ತುದಿ ಮುಟ್ಟೂದಿಲ್ಲ.”

ನನಗೆ ಉಳಿದದ್ದು ಎರಡು ದಾರಿ. ಒಂದು, ನನ್ನ ಮೈಯ ಚರ್ಮವನ್ನೇ ತೆಗೆದು ಒಳಗೆ ತೇಪೆ ಹಾಕಿ ಒಂದೇ ಸಲಕ್ಕೆ ಮುಚ್ಚುವುದು. “ಇದು ಹೊಸಾದು. ನಾನು ಮಾಡಿದ್ದು ಕಡಿಮಿ. ಚರ್ಮ ಹತ್ತಿದ್ರ ಛಲೋ. ಹತ್ತಲಿಲ್ಲಾಂದ್ರ ಮುಂದ ಮಾಡಾಕ ಏನೂ ಉಳಿಯೂದಿಲ್ಲ, ಹೊಟ್ಟಿ ನಳೀನೇ ಗತಿ.” ಇನ್ನೊಂದು, ನಾಳವನ್ನು ಉದ್ದಕ್ಕೂ ಸೀಳಿ, ಅಂಚನ್ನು ಚರ್ಮಕ್ಕೆ ಹೊಲಿದು ತೆರೆದೇ ಬಿಡುವುದು. ತಿಂಗಳುಗಟ್ಟಲೆ ಕಾದು, ಎಲ್ಲ ಮಾಗಿ ಮೆತ್ತಗಾದ ಮೇಲೆ ಮತ್ತೊಮ್ಮೆ ಕೊಯ್ದು, ಆ ಪಟ್ಟಿಯನ್ನೇ ನಳಿಯ ಹಾಗೆ ಸುತ್ತಿ ಮುಚ್ಚುವುದು. ಇದು ನಿಧಾನ, ಭರವಸೆ ಹೆಚ್ಚು.

“ಆದ್ರ ಒಂದು ಮಾತು,” ಎಂದರು ಸಾಹೇಬರು. “ನಡುವಿನ ತಿಂಗಳೊಳಗ ಮೂತ್ರ ತೊಡಿ ಸಂದಿಂದ ಬರತೈತಿ. ಹೆಂಗಸರಂಗ ಕುಂತು ಹೋಗಬೇಕು. ಇದನ್ನ ಕೇಳಿದ ಮ್ಯಾಲೆ ಭಾಳ ಮಂದಿ ಒಲ್ಲೆ ಅಂತಾರ.”

ನಾನು ಯೋಚಿಸಲೇ ಇಲ್ಲ. “ಒಂದು ಸಲದ್ದೇ ಮಾಡ್ರಿ” ಎಂದೆ.

ಅವರು ನನ್ನನ್ನು ನೋಡಿ, “ನಾಳೆ ತನಕ ವಿಚಾರ ಮಾಡ್ರಿ” ಎಂದು ಎದ್ದು ಹೋದರು. ವಾರ್ಡಿನಲ್ಲಿ ಶೆಟ್ಟರು ಪಕ್ಕದ ಮಂಚದಿಂದಲೇ ನನಗೆ ಬೆಂಬಲ ಕೊಟ್ಟರು. ಗಂಡಸಾದವನು ಒಂದೇ ಏಟಿಗೆ ಮುಗಿಸಿಕೊಳ್ಳಬೇಕು ಎಂದು ಅವರ ಅಭಿಪ್ರಾಯ. ಅವರ ನಾಳದಲ್ಲಿ ಕೆಟ್ಟದ್ದು ಸಣ್ಣ ತುಂಡು ಎಂಬುದನ್ನು ಅವರೂ ಮರೆತಿದ್ದರು, ನಾನೂ ಮರೆತಿದ್ದೆ.

ಸಂಜೆ ನನ್ನ ಅವ್ವ ದಸ್ತಗೀರನ ಜೊತೆ ಬಂದಳು. ರೊಟ್ಟಿ, ಶೇಂಗಾ ಚಟ್ನಿ ಗಂಟು ಬಿಚ್ಚುತ್ತ ಗಂಗವ್ವನ ಬಾಯಿಂದ ಎಲ್ಲ ಕೇಳಿಕೊಂಡಳು. ಆಮೇಲೆ ನನ್ನ ಮಂಚದ ತುದಿಗೆ ಕುಳಿತಳು.

“ನಿಮ್ಮಪ್ಪ ಹೊಲದಾಗ ಕಾಲ್ಮಡಿಯಾಕ ಹೆಂಗ ಹೋಗತಿದ್ದಾ?”

ನಾನು ರೊಟ್ಟಿಯ ಗಂಟಿನ ಕಡೆ ಮುಖ ತಿರುಗಿಸಿದೆ.

“ಹೇಳೋ. ನಿಂತು ಹೋಗತಿದ್ದನೋ, ಕುಂತೋ?”

“ಕುಂತು.”

“ನಿಮ್ಮಜ್ಜ?”

“ಅವನೂ ಕುಂತು.”

“ಅವರೇನು ಹೆಂಗಸರಾಗಿದ್ರೇನು? ಧೋತರ ಉಟ್ಟ ಗಂಡಸರು ಎಂದಾದ್ರೂ ನಿಂತಾರೇನು? ನೀ ಸಣ್ಣಾವಿದ್ದಾಗ ನಿಂತು ಹೊಯ್ದರ ಬೆನ್ನಿಗೆ ಗುದ್ದತಿದ್ನಿ. ಖಾಕಿ ಪಾಟಲೂನ ಹಾಕ್ಕೊಂಡಿ, ನಿಂತಿ. ಅದಕ್ಕ ಈಗ ಜೀವಾ ಕೊಡತೀಯೇನು?”

ಮಾತು ಖರೆ ಇತ್ತು. ನಮ್ಮ ಮನೆಯಲ್ಲಿ, ಓಣಿಯಲ್ಲಿ, ಹೊಲದಲ್ಲಿ ಯಾವ ಗಂಡಸೂ ನಿಂತದ್ದನ್ನು ನಾನು ಕಂಡಿರಲಿಲ್ಲ. ಗಾಲಿಯ ಮುಂದೆ ನಿಲ್ಲುವುದನ್ನು ನನಗೆ ಕಲಿಸಿದ್ದು ಹಳೆಯ ಡ್ರೈವರುಗಳು. ಗಂಡಸುತನವೆಂದು ನಾನು ಎದೆಗವಚಿಕೊಂಡು ಕಾಯುತ್ತಿದ್ದದ್ದು ನೌಕರಿಯ ಜೊತೆ ಕೊಟ್ಟ ಪ್ಯಾಂಟು. ಆ ಹೆದರಿಕೆಯಲ್ಲೂ ನನಗೆ ನಗು ಬಂತು. ಮರುದಿನ ಸಾಹೇಬರಿಗೆ ಇದನ್ನೇ ಹೇಳಿ, ಎರಡು ಸಲದ್ದೇ ಆಗಲಿ ಎಂದೆ. ಅವರೂ ನಕ್ಕರು. “ನನ್ನ ಕಡೆ ಒಲ್ಲೆ ಅಂದವರೆಲ್ಲಾ ಪ್ಯಾಂಟಿನವರು” ಎಂದರು.

ಆಪರೇಶನ್ ಕೋಣೆಯ ಬಾಗಿಲಲ್ಲಿ ನರ್ಸ್ ಬಾಯಿ ನನ್ನ ಕೊರಳಲ್ಲಿದ್ದ ಲಿಂಗದ ವಸ್ತ್ರ ಬಿಚ್ಚಲು ಹೇಳಿದಳು. ನಮ್ಮಲ್ಲಿ ಇಷ್ಟಲಿಂಗವನ್ನು ಮೈಯಿಂದ ಅಗಲಿಸುವುದಿಲ್ಲ. ಸಾಯುವವನಿಗೂ ಅದು ಮೈಮೇಲೆ ಬೇಕು, ಅಂದಮೇಲೆ ಈ ಬಾಗಿಲು ದಾಟುವವನಿಗೆ ಹೇಗೆ ಬೇಡವಾದೀತು? ನಾನು ವಸ್ತ್ರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಅವಳು ನನ್ನ ಮುಖ ನೋಡಿ ಒಳಗೆ ಹೋಗಿ ಕೇಳಿ ಬಂದಳು. ಲಿಂಗವನ್ನು ಕುದಿಸಿದ ಬಟ್ಟೆಯಲ್ಲಿ ಸುತ್ತಿ ನನ್ನ ರಟ್ಟೆಗೆ ಬಿಗಿಯಾಗಿ ಕಟ್ಟಿದಳು. ಬೆನ್ನಿಗೆ ಸೂಜಿ ಚುಚ್ಚಿ, ಸೊಂಟದ ಕೆಳಗೆ ನನ್ನ ಮೈ ನನ್ನದಲ್ಲವೆಂಬಂತೆ ಆದ ಮೇಲೂ ಆ ರಟ್ಟೆಯ ಬಿಗಿತ ಗೊತ್ತಾಗುತ್ತಿತ್ತು. ಅದನ್ನೇ ಹಿಡಿದುಕೊಂಡು ಮಲಗಿದ್ದೆ.

ನಡುವಿನ ತಿಂಗಳುಗಳನ್ನು ಅಪ್ಪನ ಹಳೆಯ ಧೋತರ ಉಟ್ಟು ಕಳೆದೆ. ಕುಂತು ಹೋಗುವುದು ಕಷ್ಟವೇ ಆಗಲಿಲ್ಲ. ಕಷ್ಟವಾದದ್ದು ಕಾಯುವುದು. ಬೆಳಿಗ್ಗೆ ಎದ್ದರೆ ಗಾಯ ಕೆಂಪಾಗಿದೆಯೋ, ಕೀವು ಕಂಡೀತೋ ಎಂಬ ಚಿಂತೆ. ಬಿಸಿ ಉಪ್ಪುನೀರಿನಲ್ಲಿ ಕೂರುವುದು, ಒಣಗಿಸುವುದು, ಗಂಗವ್ವ ಹಿಡಿದ ಕನ್ನಡಿಯಲ್ಲಿ ನೋಡಿಕೊಳ್ಳುವುದು. ಸೀಳಿಟ್ಟ ಆ ಜಾಗ ನೋಡಿದಾಗಲೆಲ್ಲ ಇದು ಮತ್ತೆ ನಾಳವಾಗುತ್ತದೆ ಎಂಬ ನಂಬಿಕೆ ಹಾರಿಹೋಗುತ್ತಿತ್ತು. ಗಂಡ ಹೆಂಡತಿಯಾದರೂ ನಾವು ದೂರ ಮಲಗುತ್ತಿದ್ದೆವು. ಅದಕ್ಕೆ ಇಬ್ಬರಿಗೂ ದುಃಖವಿತ್ತು. ಎರಡನೇ ಆಪರೇಶನ್ನಿಗೆಂದು ಹೋದಾಗ ಸಾಹೇಬರು ಬೆರಳಿಂದ ಒತ್ತಿ ನೋಡಿ, “ಇನ್ನೂ ಗಟ್ಟಿ ಐತಿ” ಎಂದು ತಿರುಗಿ ಕಳಿಸಿದರು. ಮತ್ತೊಮ್ಮೆ ಹೋದಾಗಲೂ ಹಾಗೆಯೇ. ಅಷ್ಟರಲ್ಲಿ ನನ್ನ ದಡ್ಡಿ ಬಸ್ಸನ್ನು ಬೇರೆ ಡ್ರೈವರನಿಗೆ ಕೊಟ್ಟಿದ್ದರು. ಶೆಟ್ಟರು ಮೂಡಲಗಿಯಿಂದ ಬಂದು, ತಾವು ಆರಾಮಾಗಿ ಅಂಗಡಿಯಲ್ಲಿ ಕೂತಿರುವುದನ್ನು ಹೇಳಿ ಹೋದರು. ಆವತ್ತು ನನಗೆ ಅವರ ಮೇಲಿನ ಹೊಟ್ಟೆಕಿಚ್ಚಿನಿಂದ ಊಟ ಸೇರಲಿಲ್ಲ.

ಕೊನೆಗೂ ಚರ್ಮ ಮೆತ್ತಗಾಯಿತು, ಎರಡನೇ ಆಪರೇಶನ್ ಆಯಿತು. ಹೊಟ್ಟೆಗೆ ಮತ್ತೆ ಒಂದು ನಳಿ, ಕೆಳಗೆ ಹೊಸ ನಾಳಕ್ಕೆ ಒಂದು ನಳಿ ಹಾಕಿದ್ದರು. ಅದರ ಮೇಲೆ ಜ್ವರ ಬಂತು. ಹೊಲಿಗೆಯ ಒಂದು ಕಡೆ ಬಟ್ಟೆ ಒದ್ದೆಯಾಗತೊಡಗಿತು. ಮೂತ್ರ ಅಲ್ಲಿಂದ ಜಿನುಗುತ್ತಿತ್ತು. ಸಾಹೇಬರು ಬಗ್ಗಿ ನೋಡಿದರು. “ನಳಿ ಇನ್ನೊಂದಿಷ್ಟು ದಿವ್ಸಾ ಇರ್ಲಿ” ಎಂದಷ್ಟೇ ಹೇಳಿ ಹೋದರು. ಅವ್ವ ಮಂಚದ ಕೆಳಗೆ ಕುಳಿತು ಜಪ ಮಾಡುತ್ತಿದ್ದಳು. ಗಂಗವ್ವ ಬಟ್ಟೆ ಬದಲಿಸಿ, ಬಿಚ್ಚಿದ್ದನ್ನು ಮೂಸಿ ನೋಡುತ್ತಿದ್ದಳು. ದಿನ ಕಳೆದ ಹಾಗೆ ಒದ್ದೆಯ ಕಲೆ ಸಣ್ಣದಾಯಿತು. ಒಂದು ಬೆಳಿಗ್ಗೆ ಬಟ್ಟೆ ಒಣಗಿಯೇ ಇತ್ತು. ಅವಳು ಅದನ್ನು ನನ್ನ ಕೆನ್ನೆಗೆ ಮುಟ್ಟಿಸಿ ತೋರಿಸಿದಳು.

ಕೆಳಗಿನ ನಳಿ ತೆಗೆದು, ಹೊಟ್ಟೆಯ ನಳಿಗೆ ಗಂಟು ಹಾಕಿ, ನರ್ಸ್ ಬಾಯಿ ಮಂಚದ ಸುತ್ತ ಪರದೆ ಎಳೆದಳು. ಎನಾಮಲ್ ಪಾತ್ರೆ ಕೊಟ್ಟು, “ನಿಂತು ಮಾಡ್ರಿ, ಧಾರಿ ಹೆಂಗ ಬೀಳತೈತಿ ಸಾಹೇಬರು ನೋಡಬೇಕು” ಎಂದಳು. ನಿಂತೆ. ಬರಲಿಲ್ಲ. ಒಳಗೆ ತುಂಬಿ ಬಿಗಿಯುತ್ತಿತ್ತು, ಗಾಲಿಯ ಮುಂದೆ ನಿಂತ ದಿನಗಳ ಹಾಗೆಯೇ. ಎರಡು ಸಲ ಕೊಯ್ಸಿಕೊಂಡದ್ದು, ಇಷ್ಟು ತಿಂಗಳು ಕಾದದ್ದು ಎಲ್ಲ ನೀರಿಗೆ ಹಾಕಿದಂತಾಯಿತೇ ಎಂದು ಕಣ್ಣು ಕತ್ತಲೆಗಟ್ಟಿತು. ಆಗ ಪರದೆಯ ಆಚೆಯಿಂದ ಗಂಗವ್ವನ ಮೆಲ್ಲನೆಯ ದನಿ ಬಂತು.

“ಕುಂದರ್ರಿ.”

ಪಾತ್ರೆ ನೆಲಕ್ಕಿಟ್ಟು ಕುಂತೆ. ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಒಮ್ಮೆಲೆ ಧಾರೆ ಬಿಟ್ಟು, ಎನಾಮಲ್ ಪಾತ್ರೆ ಇಡೀ ವಾರ್ಡಿಗೆ ಕೇಳುವಂತೆ ಸಪ್ಪಳ ಮಾಡಿತು. ನಿಲ್ಲಿಸಲು ನನಗೆ ಮನಸ್ಸಿರಲಿಲ್ಲ. ಹೊರಗೆ ನರ್ಸ್ ಬಾಯಿ ಗಂಗವ್ವನಿಗೆ ಅಲ್ಲಿ ನಿಲ್ಲಬೇಡ, ದೂರ ಹೋಗು ಎನ್ನುತ್ತಿದ್ದಳು.

“ಹೊಂಟ್ನೆವ್ವಾ,” ಎಂದಳು ಗಂಗವ್ವ. “ಕೇಳಿಸ್ತು.”

ಈಗ ಕೆಲವು ವರ್ಷಗಳಾದವು. ವರ್ಷಕ್ಕೊಮ್ಮೆ ಹೋಗಿ ಸಾಹೇಬರಿಗೆ ತೋರಿಸಿ ಬರುತ್ತೇನೆ. ಧಾರೆ ಹುಡುಗತನದ ಧಾರೆಯಲ್ಲ, ಆದರೆ ಧಾರೆ. ದಡ್ಡಿ ಬಸ್ಸು ತಿರುಗಿ ನನ್ನ ಕೈಗೇ ಬಂತು, ದಸ್ತಗೀರನೂ ಬಂದ. ದಾರಿಯಲ್ಲಿ ಯಾರಾದರೂ ಗಂಡಸು ಸಂಕೋಚದಿಂದ ನಿಲ್ಲಿಸಿ ಎಂದರೆ ನಿಲ್ಲಿಸುತ್ತೇನೆ. ಅವನು ಎಷ್ಟು ಹೊತ್ತು ಮಾಡಿದರೂ ಹಾರ್ನ್ ಹೊಡೆಯುವುದಿಲ್ಲ. ಬಹಳ ಹೊತ್ತಾದರೆ ಅವನು ಹತ್ತುವಾಗ ದಸ್ತಗೀರ ಅವನ ಕಿವಿಯಲ್ಲಿ ದವಾಖಾನೆಯ ಹೆಸರು ಹೇಳುತ್ತಾನೆ. ನಾನು ಖಾಕಿ ಪ್ಯಾಂಟಿನಲ್ಲೇ ಗಿಡದ ಬುಡದಲ್ಲಿ ಕುಂತು ಎದ್ದು ಬರುತ್ತೇನೆ, ಯಾರೂ ಗಾಲಿಯ ಸುದ್ದಿ ಎತ್ತುವುದಿಲ್ಲ.

ಮನೆಯಲ್ಲಿ ಮಾತ್ರ ಒಂದು ರೂಢಿ ಉಳಿದಿದೆ. ಬೆಳಿಗ್ಗೆ ನಾನು ಬಚ್ಚಲಿಗೆ ಹೋದ ಕೂಡಲೆ ಹಿತ್ತಲಲ್ಲಿ ಭಾಂಡೆ ತಿಕ್ಕುವ ಸದ್ದು ಇವತ್ತಿಗೂ ನಿಲ್ಲುತ್ತದೆ. ನಾನು ಎದ್ದು ನೀರು ಹಾಕುವ ಮೊದಲೇ ಮತ್ತೆ ಶುರುವಾಗುತ್ತದೆ.